ಹಿಂದಿನ ಪುಟ ನೋಡಬಾರದು

ನಲ್ಲಿಯನ್ನು ಎಷ್ಟು ಹೊತ್ತು ಬಿಟ್ಟಿರಬೇಕು ಎನ್ನುವುದು ಅವಳಿಗೆ ಈಗ ಕರಾರುವಾಕ್ಕಾಗಿ ಗೊತ್ತಿತ್ತು. ಮೂರು ಕುಂಚಕ್ಕೆ ಎರಡು ನಿಮಿಷ. ಅಗಲದ ಕುಂಚವೂ ಸೇರಿದರೆ ಇನ್ನರ್ಧ. ತಾರಸಿಯ ಮೇಲಿನ ಆ ನಲ್ಲಿಯ ಕೊಳವೆ ಅಡುಗೆಮನೆಯ ಗೋಡೆಯೊಳಗಿಂದ ಹಾದುಹೋಗಿದ್ದರಿಂದ ಮೇಲೆ ನೀರು ಬಿಟ್ಟದ್ದು ಕೆಳಗೆ ಗಂಡನಿಗೆ ಕೇಳಿಸುತ್ತಿತ್ತು, ಕೇಳಿಸಿದ್ದೇ ಅವನು ಊಟಕ್ಕೆ ತಟ್ಟೆ ಇಡುತ್ತಿದ್ದ. ಕುಂಚಗಳಲ್ಲಿ ತೊಳೆಯುವಂಥದ್ದೇನೂ ಇರಲಿಲ್ಲ. ನಿನ್ನೆಯೂ ಇರಲಿಲ್ಲ, ಹೋದ ತಿಂಗಳೂ ಇರಲಿಲ್ಲ. ಒಣಗಿದ ಕೂದಲು ನೀರಿಗೆ ಹಿಡಿದಾಗ ಅರಳುವುದನ್ನು, ಬೆರಳಲ್ಲಿ ಹಿಂಡಿದಾಗ ಮತ್ತೆ ಚೂಪಾಗುವುದನ್ನು ನೋಡುತ್ತ ನಿಲ್ಲುವುದಷ್ಟೇ ಅವಳ ಇಡೀ ದಿನದಲ್ಲಿ ಕೆಲಸದಂತೆ ಕಾಣುವ ಭಾಗ. ಆಮೇಲೆ ನೀಲಿ ಟ್ಯೂಬಿನ ಮುಚ್ಚಳ ತಿರುಗಿಸಿ, ಬಲಗೈಯ ತೋರುಬೆರಳಿಗೆ ಸಾಸಿವೆಯಷ್ಟು ಬಣ್ಣ ಹಚ್ಚಿಕೊಂಡು, ಎಡಗೈಯ ಮಣಿಕಟ್ಟಿಗೆ ಒತ್ತುತ್ತಿದ್ದಳು. ಹದಿನಾಲ್ಕು ತಿಂಗಳಲ್ಲಿ ಅವಳು ಖರ್ಚು ಮಾಡಿದ ಬಣ್ಣ ಅದೊಂದೇ. "ಕೈಯೆಲ್ಲ ಬಣ್ಣ, ತೊಳ್ಕೊಂಡು ಬಂದು ಕೂತ್ಕೋ" ಎಂದು ಗಂಡ ಗದರಿದಂತೆ ಹೇಳುವಾಗ ಆ ದನಿಯ ತಳದಲ್ಲಿರುತ್ತಿದ್ದ ಹೆಮ್ಮೆಯನ್ನು ಅವಳು ದಿನಾ ಒಂದು ಗಂಟೆಗೆ ಅನ್ನದ ಜೊತೆಗೆ ನುಂಗುತ್ತಿದ್ದಳು.

ಇವತ್ತು ಮಾತ್ರ ಹನ್ನೊಂದಕ್ಕೇ ನೀರು ಬಿಟ್ಟಳು. ಹನ್ನೊಂದೂ ಕಾಲಿಗೆ, ಅವಳ ಭಾಷಣ ಕೇಳಿ ತನ್ನ ಚಿತ್ರ ತೋರಿಸಬೇಕೆಂದು ಫೋನು ಮಾಡಿದ್ದ ನರ್ಸ್ ಒಬ್ಬಳು ಬರುವವಳಿದ್ದಳು.

ತಾರಸಿಯ ಮೇಲಿನ ಈ ಕೋಣೆಯನ್ನು ಕಟ್ಟಿಸಿದ್ದು ಗಂಡ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವನು ಹೋದ ವರ್ಷ ನಿವೃತ್ತನಾದ ಮರುದಿನವೇ ಅಡುಗೆಮನೆಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡು, "ಮೂವತ್ತು ವರ್ಷ ನೀನು ಒಲೆ ಮುಂದೆ ನಿಂತಿದ್ದು ಸಾಕು, ಇನ್ಮೇಲೆ ನೀನು ಮೇಲೆ, ನಾನು ಕೆಳಗೆ" ಎಂದು ನಕ್ಕಿದ್ದ. ಅಲ್ಲಿಯವರೆಗೆ ಅವಳು ಚಿತ್ರ ಬರೆಯುತ್ತಿದ್ದಳು. ಅದೇ ವಿಚಿತ್ರ. ಕುಕ್ಕರ್ ಕೂಗುವುದಕ್ಕೂ ಮಕ್ಕಳು ಶಾಲೆಯಿಂದ ಬರುವುದಕ್ಕೂ ನಡುವೆ, ಇಸ್ತ್ರಿ ಮೇಜಿನ ಮೇಲೆ, ಒಂದು ಕಿವಿ ಬಾಗಿಲ ಕಡೆ ಇಟ್ಟುಕೊಂಡು ಬರೆದ ಚಿತ್ರಗಳಿಂದಲೇ ಅವಳಿಗೆ ಹೆಸರು ಬಂದಿತ್ತು, ಆರು ವರ್ಷದ ಹಿಂದೆ ಪ್ರದರ್ಶನವೂ ಆಗಿತ್ತು. ಕೋಣೆ ಬಂತು, ಉತ್ತರದ ಬೆಳಕು ಬಂತು, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಯಾರೂ ಕರೆಯದ ನಾಲ್ಕು ಗಂಟೆ ಬಂತು. ಕೈ ನಿಂತುಬಿಟ್ಟಿತು. ಮೊದಲ ವಾರ ಹೊಸ ಜಾಗ, ಒಗ್ಗಬೇಕು ಎಂದುಕೊಂಡಳು. ಎರಡನೆಯ ತಿಂಗಳಲ್ಲಿ ವೇಳಾಪಟ್ಟಿ ಹಾಕಿದಳು. ಒಂಬತ್ತರಿಂದ ಒಂಬತ್ತೂವರೆ ಗೆರೆ ಅಭ್ಯಾಸ, ಒಂಬತ್ತೂವರೆಯಿಂದ ಹನ್ನೊಂದು ದೊಡ್ಡ ಕ್ಯಾನ್ವಾಸು, ಹೀಗೆ. ಅಕ್ಷರ ದುಂಡಗೆ ಬರಲಿ ಎಂದು ಸ್ಕೇಲಿಟ್ಟು ಗೆರೆ ಎಳೆದು, ಭಾನುವಾರಗಳಿಗೆ ಬೇರೆ ಶಾಯಿ. ಅದು ಮುಗಿದಾಗ ಒಂದು ಕೆಲಸ ಮಾಡಿ ಮುಗಿಸಿದ ಹಗುರವಾಯಿತು. ಆ ಹಗುರದಲ್ಲಿ ಅವತ್ತು ಇನ್ನೇನೂ ಮಾಡಲಿಲ್ಲ. ಆಮೇಲೆ ಗೋಡೆಯ ಮೇಲೆ ಅಂಥವು ಹನ್ನೊಂದಾದವು. ಕೆಲಸದಲ್ಲಿ ಮನಸ್ಸು ನಿಲ್ಲಿಸುವುದು ಹೇಗೆ ಎಂದು ಮೊಬೈಲಿನಲ್ಲಿ ಹೇಳುವವರ ಮಾತನ್ನೆಲ್ಲ ಕೇಳಿದಳು, ಟಿಪ್ಪಣಿ ಮಾಡಿಕೊಂಡಳು. ಬೇಗ ಏಳಿ ಅಂದರು, ಎದ್ದಳು. ಮೇಜು ಚೊಕ್ಕಟವಾಗಿಡಿ ಅಂದರು, ಅವಳ ಮೇಜಿನಷ್ಟು ಚೊಕ್ಕಟವಾದ ಮೇಜು ಯಾವ ಕಲಾವಿದನ ಬಳಿಯೂ ಇದ್ದಿರಲಾರದು. ಯಾವ ಪೆನ್ಸಿಲಿನ ಮೊನೆಯೂ ಮುರಿದಿರಲಿಲ್ಲ. ಕ್ಯಾನ್ವಾಸು ಮಾತ್ರ ಕಿಟಕಿಯ ಬೆಳಕಿನಲ್ಲಿ ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಹಾಗೆ ನಿಂತು, ಅವಳು ಒಳಗೆ ಬಂದಾಗಲೆಲ್ಲ ಏನು ಬಂದ್ರಿ ಎಂದು ಕೇಳುತ್ತಿತ್ತು. ಕೊನೆಗೆ ಅದರ ಮೇಲೆ ಹಳೆಯ ಹೊದಿಕೆಯೊಂದನ್ನು ಎಳೆದಳು.

ಇದೆಲ್ಲ ಹೀಗಿರುವಾಗಲೇ ಗ್ರಂಥಾಲಯದವರು ಭಾಷಣಕ್ಕೆ ಕರೆದದ್ದು. ವಿಷಯ: ಕಲಾವಿದರ ದಿನಚರಿ. ಒಲ್ಲೆ ಎನ್ನಲು ಫೋನಿನ ಹತ್ತಿರ ಹೋದವಳು, ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಏನು ಹೇಳುವುದು ಎಂದು ತೋಚದೆ ಹೂಂ ಎಂದು ಬಂದಿದ್ದಳು. ಅರ್ಧ ಗಂಟೆ ಮಾತಾಡಬೇಕಿತ್ತು, ಅವಳ ಮಾತು ಇಪ್ಪತ್ತಮೂರು ನಿಮಿಷಕ್ಕೆ ಮುಗಿದುಹೋಯಿತು. ಗೋಡೆ ಗಡಿಯಾರ ಎದುರಿಗೇ ಇತ್ತು. ಇನ್ನು ಏಳು ನಿಮಿಷ. ಎಲ್ಲರೂ ನೋಡುತ್ತಿದ್ದಾರೆ. ಆಗ ಅವಳ ಬಾಯಿಂದ ತಾನಾಗಿಯೇ ಬಂತು: ನಾನು ದಿನಾ ಬೆಳಿಗ್ಗೆ ನಲವತ್ತು ನಿಮಿಷ ಬರೆಯುತ್ತೇನೆ. ಒಂದೇ ವಸ್ತು. ರಬ್ಬರ್ ಮುಟ್ಟುವುದಿಲ್ಲ. ಅಷ್ಟು ಹೇಳಿದ ಮೇಲೂ ಐದು ನಿಮಿಷ ಉಳಿದಿತ್ತು, ಸಭೆಯಲ್ಲಿ ಕೆಲವರು ಬರೆದುಕೊಳ್ಳತೊಡಗಿದ್ದರು, ಹಾಗೆ ಬರೆದುಕೊಳ್ಳುವವರ ತಲೆಗಳು ಬಾಗುವುದನ್ನು ಕಂಡಾಗ ಒಂದು ಥರದ ಉಮೇದು ಬಂದು ದನಿ ತಗ್ಗಿಸಿದಳು: "ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂದಿನ ಪುಟ ನೋಡಬಾರದು. ನಿನ್ನೆ ಬರೆದದ್ದನ್ನು ಇವತ್ತು ನೋಡಿದರೆ ಒಂದೋ ಜಂಬ ಬರುತ್ತದೆ, ಇಲ್ಲ ಬೇಜಾರು ಬರುತ್ತದೆ. ಎರಡೂ ಬೇಡ." ಚಪ್ಪಾಳೆ ಬಿತ್ತು. ಅದು ಒಳ್ಳೆಯ ವಾಕ್ಯವೇ ಆಗಿತ್ತು, ಮನೆಗೆ ಬರುವ ದಾರಿಯಲ್ಲಿ ಅವಳೇ ಅದನ್ನು ಎರಡು ಸಲ ಹೇಳಿಕೊಂಡು ನೋಡಿದ್ದಳು.

"ನೋಡೇ, ಬಂದ್ರು!" ಗಂಡ ಮೆಟ್ಟಿಲ ಕೆಳಗಿನಿಂದ ಕೂಗಿದ. "ಕೆಲಸ ಆಗ್ತಿದ್ರೆ ಕಾಯ್ತಾರಂತೆ!"

"ಪರವಾಗಿಲ್ಲ ರೀ, ಕಳಿಸಿ. ಇಲ್ಲೇ ಹೊರಗೆ ಕೂತ್ಕೋತೀವಿ."

ಬಾಗಿಲು ಎಳೆದು ಚಿಲಕ ಹಾಕಿದಳು. ತಾರಸಿಯ ನೆರಳಿನಲ್ಲಿ ಎರಡು ಕುರ್ಚಿ ಬೆಳಿಗ್ಗೆಯೇ ಹಾಕಿಟ್ಟಿದ್ದಳು. ಬಂದವಳು ಐವತ್ತರ ಆಸುಪಾಸಿನ, ಗಟ್ಟಿಮುಟ್ಟಾದ ಮೈಯ ಹೆಂಗಸು. ಮೆಟ್ಟಿಲು ಹತ್ತಿದ ಏದುಸಿರನ್ನು ಮುಚ್ಚಿಟ್ಟುಕೊಳ್ಳದೆ, ಚಪ್ಪಲಿಯನ್ನು ಕೊನೆಯ ಮೆಟ್ಟಿಲಲ್ಲೇ ಬಿಟ್ಟು, ಒಂದು ಬಟ್ಟೆಚೀಲವನ್ನು ಕೂಸಿನ ಹಾಗೆ ಎದೆಗವಚಿಕೊಂಡು ನಿಂತಳು. ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ ಎಂದು ಫೋನಿನಲ್ಲೇ ಹೇಳಿದ್ದಳು.

"ಒಳಗೆ ಚಿತ್ರ ಹಸಿ ಇದೆ," ಅವಳು ಹೇಳಿದಳು. "ಅದಕ್ಕೇ ಇಲ್ಲಿ."

"ಅಯ್ಯೋ, ಬೇಡಿ ಮೇಡಂ. ದೇವರ ಕೋಣೆ ಇದ್ದ ಹಾಗೆ ಅದು. ನಾನ್ಯಾಕೆ ಕಾಲಿಡ್ಲಿ." ನರ್ಸ್ ಕುರ್ಚಿಯ ಅಂಚಿಗೆ ಕೂತಳು. ಕೂತವಳ ಕಣ್ಣು ನೇರ ಅವಳ ಎಡಗೈಗೆ ಹೋಯಿತು. ದಿನಕ್ಕೆ ಹತ್ತಾರು ಕೈಗಳ ನರ ಹುಡುಕುವವಳಿಗೆ ಮನುಷ್ಯರು ಮೊದಲು ಕಾಣುವುದೇ ಮಣಿಕಟ್ಟಿನಿಂದಲೋ ಏನೋ. "ಬಣ್ಣ ಆಗಿದೆ. ಬೆರಳಿನ ಗುರುತು ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ, ಠಸ್ಸೆ ಒತ್ತಿದ ಹಾಗೆ."

ಅವಳು ತೋಳನ್ನು ಕೆಳಗೆಳೆದುಕೊಂಡಳು. "ಒರೆಸ್ಕೊಂಡಿದ್ದು," ಎಂದಳು.

"ನಾನು ತುಂಬ ಹೊತ್ತು ಕೂರಲ್ಲ ಮೇಡಂ. ಎರಡಕ್ಕೆ ಡ್ಯೂಟಿ." ಚೀಲದಿಂದ ನಾಲ್ಕು ದಪ್ಪ ನೋಟುಪುಸ್ತಕ ಹೊರಬಂದವು. ನಾಲ್ಕಕ್ಕೂ ಕಪ್ಪು ಕ್ಲಿಪ್ಪು ಹಾಕಿತ್ತು, ಕಾಗದ ಸೇರಿಸಿ ಹಿಡಿಯುವ ದೊಡ್ಡ ಕ್ಲಿಪ್ಪು. "ಇನ್ನೂರ ಹನ್ನೆರಡು ದಿನ ಆಯ್ತು, ನೀವು ಹೇಳಿದಾಗಿಂದ. ಒಂದು ದಿನ ತಪ್ಪಿಲ್ಲ. ಜ್ವರ ಬಂದಾಗಲೂ ಬರೆದಿದೀನಿ, ಅದು ಹೇಗಿದೆಯೋ ಏನೋ. ನಾನು ನೋಡಿಲ್ಲ."

"ನೋಡಿಲ್ಲ ಅಂದ್ರೆ?"

"ಹಿಂದಿನ ಪುಟ ನೋಡಬಾರದು ಅಂದ್ರಲ್ಲ." ನರ್ಸ್ ಕ್ಲಿಪ್ಪನ್ನು ಬೆರಳಲ್ಲಿ ಮೀಟಿದಳು. "ಬರೆದಿದ್ದೇ ಪುಟ ಮಗುಚಿ ಕ್ಲಿಪ್ ಹಾಕಿಬಿಡ್ತೀನಿ. ಮನೇಲಿ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ. ನನ್ನ ಮಗ ಅಂತೂ, ಅಮ್ಮನ ಪುಸ್ತಕ ಬ್ಯಾಂಕ್ ಲಾಕರ್ ಅಂತಾನೆ. ಅವನ ಬಾಯಿ ಬಿಡಿ. ಏನು ಬರೀತೀನಿ ಗೊತ್ತಾ? ಬಕೆಟ್ಟು."

"ಬಕೆಟ್ಟಾ?"

"ನೀಲಿ ಪ್ಲಾಸ್ಟಿಕ್ ಬಕೆಟ್ಟು, ಸ್ನಾನದ ಮನೇದು. ಒಂದೇ ವಸ್ತು ಅಂದ್ರಿ. ಬೆಳಿಗ್ಗೆ ಆರಕ್ಕೆ ನಮ್ಮನೇಲಿ ಎಲ್ಲಾ ವಸ್ತುನೂ ಯಾರಾದ್ರೂ ಒಬ್ರು ಎತ್ಕೊಂಡು ಓಡ್ತಿರ್ತಾರೆ. ಬಕೆಟ್ಟಿಗೂ ಜಗಳ ಆಯ್ತು ಅನ್ನಿ. 'ಅಮ್ಮಾ, ನಿನ್ನ ಹೀರೋಯಿನ್ ಫ್ರೀ ಆದ್ಲಾ, ನಾನು ಸ್ನಾನ ಮಾಡ್ಲಾ' ಅಂತ ಬಾಗಿಲಲ್ಲಿ ನಿಂತು ಕೂಗ್ತಿದ್ದ. ಕೊನೆಗೆ ಇನ್ನೊಂದು ಬಕೆಟ್ ತಂದೆ." ನಕ್ಕಳು, ನಗು ಬೇಗ ಇಳಿಯಿತು. "ಈಗ ಏನಾಗಿದೆ ಅಂದ್ರೆ ಮೇಡಂ, ನನ್ನನ್ನ ವಾರ್ಡ್ ಇನ್‌ಚಾರ್ಜ್ ಮಾಡ್ತಾರಂತೆ. ಬೆಳಗಿನ ಡ್ಯೂಟಿ, ಐದೂವರೆಗೆ ಅಲ್ಲಿರ್ಬೇಕು. ಒಪ್ಕೊಂಡ್ರೆ ಇದು ಮುಗೀತು. ಇನ್‌ಚಾರ್ಜ್ ಅಂದ್ರೆ ಮನೆಗೆ ಬರೋದು ರಾತ್ರಿನೇ, ಆಮೇಲೆ ಕೈ ಏಳಲ್ಲ ನಂಗೆ. ಸಂಜೆಯೊಳಗೆ ಹೇಳಬೇಕು. ಅದಕ್ಕೇ ನೀವೊಮ್ಮೆ ನೋಡಿ ಹೇಳಿ. ಇದರಲ್ಲಿ ಏನಾದ್ರೂ ಇದ್ರೆ ಡ್ಯೂಟಿ ಬೇಡ ಅಂತೀನಿ. ಇಲ್ಲ ಅಂದ್ರೆ ಬೇಜಾರಿಲ್ಲ, ಸತ್ಯವಾಗ್ಲೂ. ನೀವು ಹೇಳಿದ ಹಾಗೆ."

ಕ್ಲಿಪ್ಪು ಬಿಗಿಯಾಗಿತ್ತು, ತೆಗೆಯುವಾಗ ಅವಳ ಉಗುರು ಮಡಚಿತು. ಮೊದಲ ಪುಸ್ತಕ. ಬಕೆಟ್ಟು. ಮಕ್ಕಳು ಬರೆಯುವಂತೆ, ಮೇಲೊಂದು ಮೊಟ್ಟೆ, ಕೆಳಗೊಂದು ನೇರ ಗೆರೆ, ಬದಿಗೊಂದು ಹಿಡಿಕೆ. ಅವಳ ಎದೆಯಲ್ಲಿ ಏನೋ ಸಡಿಲವಾಯಿತು. ಅದು ಸಮಾಧಾನ ಎಂದು ಗುರುತಿಸಿಕೊಳ್ಳಲು ಅವಳು ಒಪ್ಪಲಿಲ್ಲ. ಹತ್ತು, ಇಪ್ಪತ್ತು, ಮೂವತ್ತು ಬಕೆಟ್ಟು. ಪಾಪ, ಎಂದುಕೊಳ್ಳುವುದಕ್ಕೆ ಸಿದ್ಧಳಾಗಿ ಎರಡನೆಯ ಪುಸ್ತಕ ತೆರೆದಳು. ಅಲ್ಲಿ ಎಲ್ಲೋ ಬಕೆಟ್ಟಿನ ತಳ ನೆಲಕ್ಕೆ ಕೂತಿತು. ಅದುವರೆಗೆ ಗಾಳಿಯಲ್ಲಿ ತೂಗುತ್ತಿದ್ದದ್ದು ಒಂದು ಬೆಳಿಗ್ಗೆ ತನ್ನ ಭಾರದ ಸಮೇತ ನೆಲಕ್ಕೆ ಕೂತಿತು. ಮೂರನೆಯದರಲ್ಲಿ ಬಾಯಿಯ ಅಂಚಿನ ಸೀಳು ಬಂತು, ಆ ಸೀಳಿನಲ್ಲಿ ಬೆಳಕು. ನಾಲ್ಕನೆಯ ಪುಸ್ತಕದ ನಡುವಿನ ಒಂದು ಪುಟದಲ್ಲಿ ಅವಳ ಕೈ ನಿಂತಿತು. ಬಕೆಟ್ಟಿನೊಳಗೆ ಮುಕ್ಕಾಲು ನೀರು, ನೀರಿನ ಮೇಲೆ ಮೂರೇ ಮೂರು ಗೆರೆ. ಆ ಗೆರೆಗಳಿಂದ ಮನೆಯಲ್ಲಿ ಯಾರೋ ಈಗಷ್ಟೇ ಬಿರಬಿರನೆ ನಡೆದುಹೋದರು, ನೆಲ ಅದುರಿ ನೀರು ನಡುಗಿತು ಎನ್ನುವುದು ಗೊತ್ತಾಗುತ್ತಿತ್ತು. ಅವಳು ಮೂವತ್ತು ವರ್ಷದಲ್ಲಿ ಅಂಥ ಮೂರು ಗೆರೆಗಳನ್ನು ಎಲ್ಲಿಯಾದರೂ ಎಳೆದಿದ್ದರೆ ಅದು ಇಸ್ತ್ರಿ ಮೇಜಿನ ಮೇಲೆ, ಒಂದು ಕಿವಿ ಬಾಗಿಲ ಕಡೆ ಇದ್ದ ಕಾಲದಲ್ಲಿ. ಇಲ್ಲ, ಆಗಲೂ ಇಲ್ಲ. ಅವಳಿಗೆ ಮೊದಲು ಆದದ್ದು ಸಂತೋಷವಲ್ಲ. ತನ್ನ ಸುಳ್ಳನ್ನು ಈ ಹೆಂಗಸು ಎತ್ತಿಕೊಂಡು ಹೋಗಿ ನಿಜ ಮಾಡಿಬಿಟ್ಟಿದ್ದಾಳೆ. ತನ್ನ ಹತ್ತಿರ ಈಗ ಸುಳ್ಳೂ ಉಳಿದಿಲ್ಲ.

ತಲೆಯೆತ್ತಿದಾಗ ನರ್ಸ್ ಅವಳ ಮುಖವನ್ನೇ ನೋಡುತ್ತಿದ್ದಳು, ಪರೀಕ್ಷೆಯ ಫಲಿತಾಂಶದ ಹಾಳೆ ಹಿಡಿದ ಡಾಕ್ಟರನ್ನು ಮನೆಯವರು ನೋಡುವ ಹಾಗೆ. ತನ್ನ ಚಿತ್ರ ಹೇಗಿದೆ ಎಂದು ಆಕೆಗೆ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಈಗ ನೋಡಿದ ಅವಳೊಬ್ಬಳಿಗೇ ಗೊತ್ತಿತ್ತು.

"ಶ್ರದ್ಧೆ ಇದೆ," ಅವಳು ಹೇಳಿದಳು. ದನಿ ಭಾಷಣದ ದಿನದ್ದೇ, ತಗ್ಗಿದ್ದು, ಚೆಂದದ್ದು. "ಕೈಗೆ ಅಭ್ಯಾಸ ಆಗಿದೆ. ಆದರೆ ಕಣ್ಣಿಗೆ... ಎಲ್ಲಾ ಸ್ವಲ್ಪ ಒಂದೇ ಥರ ಇದೆ, ಅಲ್ವಾ. ಮೊದಲನೇ ದಿನದ್ದಕ್ಕೂ ಕೊನೇದಕ್ಕೂ ಹೇಳಿಕೊಳ್ಳೋವಂಥ..." ವಾಕ್ಯವನ್ನು ಮುಗಿಸಲಿಲ್ಲ. ಮುಗಿಸದೆ ಬಿಟ್ಟರೆ ಪೂರ್ತಿ ತಾನೇ ಹೇಳಿದಂತಾಗುವುದಿಲ್ಲ ಎಂಬ ಲೆಕ್ಕ ಅಂಥ ಹೊತ್ತಿನಲ್ಲೂ ನಡೆದಿತ್ತು.

ನರ್ಸ್ ಎರಡು ಸಲ ತಲೆಯಾಡಿಸಿದಳು. "ಹೌದು ಹೌದು. ನಂಗೂ ಹಾಗೇ ಅನ್ನಿಸ್ತಿತ್ತು. ಬಕೆಟ್ಟಲ್ಲಿ ಎಷ್ಟು ಅಂತ ಇರುತ್ತೆ, ಅಲ್ವಾ?" ಪುಸ್ತಕಗಳನ್ನು ಒಂದೊಂದಾಗಿ ತೆಗೆದುಕೊಂಡು, ಈಗಲೂ ತೆರೆದು ನೋಡದೆ, ಕ್ಲಿಪ್ಪು ಹಾಕಿ ಚೀಲಕ್ಕಿಳಿಸಿದಳು. "ನಿಮ್ಮ ಸಮಯ ಹಾಳು ಮಾಡಿದೆ ಮೇಡಂ. ಆದ್ರೂ ಈ ಏಳು ತಿಂಗಳು ನಂಗೆ ಚೆನ್ನಾಗಿತ್ತು. ಬೆಳಗ್ಗೆ ಎದ್ರೆ ಏನೋ ಒಂದು ಕಾಯ್ತಿದೆ ಅನ್ನಿಸ್ತಿತ್ತು." ಚಪ್ಪಲಿ ಮೆಟ್ಟಿಕೊಂಡು ಇಳಿದಳು. ಇಳಿಯುವ ಹೆಜ್ಜೆ ಹತ್ತಿದಷ್ಟೇ ಭಾರವಾಗಿತ್ತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಸಾಧಾರಣತನವೇ ಅವಳನ್ನು ಇರಿಯಿತು.

ಕೆಳಗೆ ಗಂಡನ ದನಿ ಕೇಳಿಸಿತು. "ಇಷ್ಟು ಬೇಗ ಹೊರಟ್ರಾ? ಟೀ ಆದ್ರೂ ಕುಡೀರಿ. ಅವಳು ಹಾಗೇ, ಕೆಲಸ ಅಂದ್ರೆ ಊಟದ ನೆನಪಿಲ್ಲ. ವರ್ಷದ ಮೇಲಾಯ್ತು, ದಿನಾ ಒಂಬತ್ತು ಹೊಡೆದ್ರೆ ಮೇಲೆ. ನಾನು ಒಂದು ದಿನ ಆ ಬಾಗಿಲು ತಟ್ಟಿಲ್ಲ. ಏನು ಬರೀತಿದಾಳೋ ನಂಗೂ ತೋರಿಸಿಲ್ಲ, ಮುಗೀಲಿ ಅಂತಾಳೆ. ದೊಡ್ಡದೇ ಇರಬೇಕು."

"ಅದಕ್ಕೇ ಅಲ್ವಾ ಸಾರ್ ಅವರು ಅವರಾಗಿರೋದು," ನರ್ಸ್ ಹೇಳಿದಳು.

ಅವಳು ತಾರಸಿಯ ಅಡ್ಡಗೋಡೆ ಹಿಡಿದು ಬಗ್ಗಿದಳು. ಗೇಟಿನ ಹತ್ತಿರ ಇಬ್ಬರ ನೆತ್ತಿಗಳು ಕಾಣುತ್ತಿದ್ದವು, ಗಂಡನ ಬೋಳಾಗುತ್ತಿರುವ ನೆತ್ತಿ, ಆಕೆಯ ಅಡ್ಡಾದಿಡ್ಡಿ ಬೈತಲೆ. ಸುಮ್ಮನಿದ್ದರೆ ಗೇಟು ಮುಚ್ಚಿಕೊಳ್ಳುತ್ತದೆ. ಸಂಜೆ ಆಕೆ ಹೂಂ ಎನ್ನುತ್ತಾಳೆ. ನಾಳೆ ಬೆಳಿಗ್ಗೆ ಆರಕ್ಕೆ ಆ ಬಕೆಟ್ಟಿನಲ್ಲಿ ಮಗ ಸ್ನಾನ ಮಾಡುತ್ತಾನೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹಾಗೆ ಯಾರಿಗೂ ಗೊತ್ತಾಗದೆ ಉಳಿಯುವುದು ಎಷ್ಟು ಸಲೀಸು ಎಂಬುದು ಹೊಳೆದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಿಲ್ಲಿ," ಎಂದಳು. ಕೆಳಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದಳು. ಎರಡು ಮುಖ ಮೇಲಕ್ಕೆ ತಿರುಗಿದವು. "ಮೇಲೆ ಬನ್ನಿ. ನಾನು ಹೇಳಿದ್ದು ಸುಳ್ಳು. ನಿಮ್ಮ ಚಿತ್ರ ಚೆನ್ನಾಗಿದೆ."

ನರ್ಸ್ ಬಿಸಿಲಿಗೆ ಕೈ ಅಡ್ಡ ಹಿಡಿದು ನಕ್ಕಳು. "ಬೇಜಾರಿಲ್ಲ ಅಂದ್ನಲ್ಲ ಮೇಡಂ! ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡಿ."

"ಅವತ್ತು ಹೇಳಿದ್ದೂ ಸುಳ್ಳು. ನಾನು ಬೆಳಿಗ್ಗೆ ಬರೆಯಲ್ಲ. ನಾನು ಬರೆಯೋದೇ ಇಲ್ಲ."

"ನೋಡಿ ಸಾರ್," ನರ್ಸ್ ಗಂಡನಿಗೆ ಹೇಳುವುದು ಸ್ಪಷ್ಟವಾಗಿ ಕೇಳಿಸಿತು, "ದೊಡ್ಡವರು ಹೀಗೇ. ಎಷ್ಟು ಮಾಡಿದ್ರೂ ಏನೂ ಮಾಡಿಲ್ಲ ಅಂತಾರೆ." ಗಂಡ ಹೌದೆಂದು ತಲೆದೂಗಿದ. ಅವನ ಮುಖದಲ್ಲಿ ಅದೇ ಹೆಮ್ಮೆ. ನಿಜ ಹೇಳಿದರೂ ಅದು ಅವಳ ದೊಡ್ಡಸ್ತಿಕೆಗೇ ಸಂದಾಯವಾಗುತ್ತಿತ್ತು. ಅವಳು ಕೋಣೆಯ ಕಡೆ ತಿರುಗಿ ಚಿಲಕ ತೆಗೆದು ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿದಳು. "ಬನ್ನಿ. ಇಬ್ಬರೂ ಬನ್ನಿ. ಬಂದು ನೋಡಿ."

ಮೊದಲು ಒಳಗೆ ಬಂದದ್ದು ನರ್ಸ್. ಗಂಡ ಹೊಸ್ತಿಲಲ್ಲೇ ನಿಂತ. ನರ್ಸ್ ಸುತ್ತ ನೋಡಿದಳು, ಹೊಸ ರೋಗಿಯ ಹಾಸಿಗೆಯ ಬಳಿ ನಿಂತವಳಂತೆ, ಅವಸರವಿಲ್ಲದೆ. ಬಣ್ಣದ ಟ್ಯೂಬುಗಳನ್ನು ಒಂದೊಂದಾಗಿ ಒತ್ತಿದಳು. ಎಲ್ಲವೂ ಕಲ್ಲಾಗಿದ್ದವು, ನೀಲಿಯೊಂದು ಬಿಟ್ಟು. ನೀಲಿಯ ಮೇಲೆ ಆಕೆಯ ಬೆರಳು ನಿಂತಿತು, ಕಣ್ಣು ಅವಳ ಮಣಿಕಟ್ಟಿಗೆ ಬಂತು, ಹಿಂದಕ್ಕೆ ಹೋಯಿತು. ಹೊದಿಕೆ ಎಳೆದಳು. ಬಿಳಿಯ ಕ್ಯಾನ್ವಾಸು.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಹದಿನಾಲ್ಕು ತಿಂಗಳು."

ಗಂಡ ಗೋಡೆಯ ಮೇಲಿನ ವೇಳಾಪಟ್ಟಿಗಳನ್ನು ನೋಡುತ್ತಿದ್ದ. ಲೆಕ್ಕದ ಮೇಷ್ಟ್ರು, ಗಂಟೆಗಳನ್ನು ಕೂಡುತ್ತಿದ್ದನೋ ಏನೋ, ತುಟಿ ಸ್ವಲ್ಪ ಅಲುಗುತ್ತಿತ್ತು. ಅವನು ಬೈದಿದ್ದರೆ ಆಗುತ್ತಿತ್ತು. ಅವನು ಅವಳ ಕಡೆ ತಿರುಗಿ, "ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು ಮೆಟ್ಟಿಲಿಳಿದು ಹೋದ.

"ಹಿಂದಿನ ಪುಟ ನೋಡಬಾರದು ಅನ್ನೋದು?" ನರ್ಸ್ ಕೇಳಿದಳು. ಮೇಡಂ ಎನ್ನಲಿಲ್ಲ.

"ಅದೂ ಅಲ್ಲೇ ಹುಟ್ಟಿದ್ದು. ಏಳು ನಿಮಿಷ ಉಳಿದಿತ್ತು."

"ಅಂದ್ರೆ ನಾನು ನೋಡ್ಬಹುದಿತ್ತು."

"ನೋಡಬಹುದಿತ್ತು."

"ಇನ್ನೂರ ಹನ್ನೆರಡು ದಿನ!" ಆಕೆಗೆ ಸಿಟ್ಟು ಬಂದದ್ದು ಆಗ. "ರಾತ್ರಿ ಎದ್ದು ಕೂತು ಕ್ಲಿಪ್ ಮೇಲೆ ಕೈ ಇಟ್ಕೊಂಡು, ಬೇಡ ಅಂತ ವಾಪಸ್ ಮಲಗಿದೀನಿ ರೀ ನಾನು. ಎಷ್ಟೋ ಸಲ." ಅಲ್ಲೇ ನೆಲದ ಮೇಲೆ ಕೂತು, ಚೀಲ ಸುರಿದು, ಕ್ಲಿಪ್ಪುಗಳನ್ನು ಕಿತ್ತು ಬದಿಗೆಸೆದಳು. ಮೊದಲ ಪುಟದಿಂದ ತಿರುಗಿಸತೊಡಗಿದಳು. ಅವಳು ನಿಂತೇ ಇದ್ದಳು. ಕೂರುವುದಕ್ಕೆ ತನಗೆ ಹಕ್ಕಿಲ್ಲ ಅನ್ನಿಸಿತು. ಎರಡನೆಯ ಪುಸ್ತಕದಲ್ಲಿ, ತಳ ನೆಲಕ್ಕೆ ಕೂತ ಪುಟದಲ್ಲಿ, ನರ್ಸ್ ಒಮ್ಮೆ "ಆಂ" ಎಂದಳು. ನೀರು ನಡುಗಿದ ಪುಟಕ್ಕೆ ಬಂದಾಗ ಆಕೆ ಬೆರಳಿಂದ ಆ ಗೆರೆಗಳನ್ನು ಮುಟ್ಟಿ, "ಅವತ್ತು ನನ್ನ ಮಗ ಇಂಟರ್‌ವ್ಯೂಗೆ ತಡವಾಯ್ತು ಅಂತ ಓಡಾಡ್ತಿದ್ದ" ಎಂದಳು, ತನಗೇ ಹೇಳಿಕೊಂಡಂತೆ. ಬಹಳ ಹೊತ್ತಾದ ಮೇಲೆ ತಲೆಯೆತ್ತಿದಳು. ಕಣ್ಣು ಒದ್ದೆಯಾಗಿರಲಿಲ್ಲ, ಗಡುಸಾಗಿತ್ತು.

"ಇದನ್ನ ನೋಡಿಯೂ ಹಾಗಂದ್ರಾ?"

"ಹೂಂ."

"ಯಾಕೆ?"

ಅವಳ ಹತ್ತಿರ ಒಳ್ಳೆಯ ವಾಕ್ಯಗಳಿದ್ದವು. ಒಂದೆರಡು ನಾಲಿಗೆಯ ತುದಿಗೂ ಬಂದವು. "ಹೊಟ್ಟೆಕಿಚ್ಚು," ಎಂದಳು.

ನರ್ಸ್ ಅದನ್ನು ಒಪ್ಪಿದಂತೆಯೂ ಕಾಣಲಿಲ್ಲ, ಕ್ಷಮಿಸಿದಂತೆಯೂ ಕಾಣಲಿಲ್ಲ. ಮೊಬೈಲು ತೆಗೆದು ಹೊತ್ತು ನೋಡಿದಳು, ಹನ್ನೆರಡೂ ಹತ್ತು. ಅದರಲ್ಲೇ ಆಸ್ಪತ್ರೆಗೆ ಫೋನು ಹಚ್ಚಿ, "ಸಿಸ್ಟರ್, ಬೆಳಗಿನದು ನಂಗೆ ಆಗಲ್ಲ, ಬೇರೆಯವರಿಗೆ ಕೊಡಿ... ಇಲ್ಲ, ಆರೋಗ್ಯ ಚೆನ್ನಾಗಿದೆ... ಮನೇಲೂ ಏನೂ ಇಲ್ಲ... ಆಗಲ್ಲ ಅಷ್ಟೇ" ಎಂದು ಇಟ್ಟಳು. ಆಮೇಲೆ ನಾಲ್ಕನೆಯ ಪುಸ್ತಕದ ಖಾಲಿ ಪುಟ ತೆರೆದು ಮಂಡಿಯ ಮೇಲಿಟ್ಟುಕೊಂಡಳು.

"ಇವತ್ತಿನದು ಬಾಕಿ ಇದೆ. ಬೆಳಿಗ್ಗೆ ನಿಮ್ಮ ಹತ್ರ ಬರೋ ಗಡಿಬಿಡೀಲಿ ಆಗಲಿಲ್ಲ. ಅಲ್ಲಿ ಕೂತ್ಕೊಳ್ಳಿ."

"ನಾನಾ?"

"ಮತ್ತೆ, ಇಲ್ಲಿ ಬಕೆಟ್ ಎಲ್ಲಿದೆ?"

ಅವಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೂತ ಕೂಡಲೇ, ತನಗರಿವಿಲ್ಲದೆ, ಕತ್ತು ನೀಳ ಮಾಡಿ, ಗಲ್ಲ ಕೊಂಚ ಎತ್ತಿ, ಪ್ರದರ್ಶನದ ಕರಪತ್ರದಲ್ಲಿ ಅಚ್ಚಾಗಿದ್ದ ಮುಖವನ್ನು ತಂದುಕೊಂಡಳು.

"ಅದಲ್ಲ," ನರ್ಸ್ ಹೇಳಿದಳು. "ಈಗ ನಿಂತಿದ್ರಲ್ಲ, ನಾನು ಪುಟ ತಿರುಗಿಸ್ತಿದ್ದಾಗ. ಆ ಮುಖ."

ಅವಳು ಮುಖವನ್ನು ಬಿಟ್ಟಳು. ಹಿಡಿದಿದ್ದ ಕಡೆಯೆಲ್ಲ ಅದು ಇಳಿಯಿತು, ಕಣ್ಣ ಕೆಳಗೆ, ಬಾಯಿಯ ಪಕ್ಕ, ಕತ್ತಿನಲ್ಲಿ. ಪೆನ್ಸಿಲು ಕಾಗದದ ಮೇಲೆ ಸರಿಯುವ ಸದ್ದು ಕೇಳತೊಡಗಿತು, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಕೋಣೆಯಲ್ಲಿ. ನರ್ಸಿನ ಕಣ್ಣು ಮೇಲೇಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಅದರಲ್ಲಿ ಸಿಟ್ಟೂ ಇರಲಿಲ್ಲ, ಗೌರವವೂ ಇರಲಿಲ್ಲ, ಇದ್ದದ್ದನ್ನು ಇದ್ದಂತೆ ನೋಡುವ ಕೆಲಸ ಮಾತ್ರ ಇತ್ತು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಎದ್ದು ಹೋಗಿಬಿಡಬೇಕು ಅನ್ನಿಸಿತು, ಹೋಗಲಿಲ್ಲ. ಕಿವಿ ಬಿಸಿಯಾಗಿತ್ತು. ಒಂದು ಯುಗ ಕಳೆಯಿತು ಅನ್ನಿಸಿದಾಗ ಮೆಲ್ಲಗೆ ಕೇಳಿದಳು, "ಎಷ್ಟಾಯ್ತು?"

"ಅಲ್ಲಾಡಬೇಡಿ," ಎಂದಳು ನರ್ಸ್, ತಲೆಯೆತ್ತದೆ. "ಈಗಷ್ಟೇ ಕಿವಿಗೆ ಬಂದಿದೀನಿ. ಮುಖ ಇನ್ನೂ ಪೂರ್ತಿ ಬಾಕಿ ಇದೆ."